ಜಗಲಿಯ ನೆಲಕ್ಕೆ ಹೊಳಪಿಗಿಂತ ಬಾಳಿಕೆ ಮುಖ್ಯ

ಸಂಕ್ರಾಂತಿ ಕಳೆದು ಒಕ್ಕಣೆ ಮುಗಿಯಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆ ಕೆಲಸಕ್ಕೆ ಕೈ ಹಾಕುವ ಕಾಲ. ಕಬ್ಬಿನ ಹಣವೋ ಭತ್ತದ ಹಣವೋ ಒಂದಿಷ್ಟು ಕೈ ಸೇರಿರುತ್ತದೆ. ಮಳೆ ಹಿಡಿಯುವ ಮುಂಚೆ ಗೃಹಪ್ರವೇಶ ಮುಗಿಸಬೇಕೆಂಬ ಆತುರವೂ ಇರುತ್ತದೆ. ಗೋಡೆಗೂ ತಾರಸಿಗೂ ಹತ್ತು ಜನರ ಸಲಹೆ ಕೇಳುವ ನಮ್ಮ ರೈತರು ಜಗಲಿ ಮತ್ತು ಅಂಗಳದ ನೆಲವನ್ನು ಮಾತ್ರ ಕೊನೆಗೆ ಬಿಡುತ್ತಾರೆ. ಕೊನೆಗೆ ಉಳಿದ ಹಣದಲ್ಲಿ, ಅಂಗಡಿಯಲ್ಲಿ ಕಣ್ಣಿಗೆ ಚೆಂದ ಕಂಡ ಟೈಲ್ಸ್ ತಂದು ಹಾಕಿಸಿಬಿಡುತ್ತಾರೆ. ಎರಡು ಮೂರು ವರ್ಷದಲ್ಲಿ ಅದು ಒಡೆದಾಗ ಗಾರೆ ಕೆಲಸದವರನ್ನು ಬೈಯುತ್ತಾರೆ. ತಪ್ಪು ಬಹುಮಟ್ಟಿಗೆ ಆಯ್ಕೆಯದು.

ಮನೆಯೊಳಗಿನ ನೆಲವೇ ಬೇರೆ, ಬಿಸಿಲು ಮಳೆಗೆ ಮೈಯೊಡ್ಡಿದ ನೆಲವೇ ಬೇರೆ. ಮಾರ್ಚಿಯಿಂದ ಮೇ ತಿಂಗಳವರೆಗೆ ಸುಡುವ ಬಿಸಿಲು. ಆ ಬಿಸಿಲಲ್ಲಿ ಕಾದ ನೆಲದ ಮೇಲೆ ಸಂಜೆ ದಿಢೀರನೆ ಗುಡುಗು ಮಳೆ ಸುರಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಮ್ಮ ಕಡೆಯ ದೊಡ್ಡ ಮಳೆ. ಬಿಸಿಯಿಂದ ಹಿಗ್ಗಿ ತಣ್ಣೀರಿಗೆ ಕುಗ್ಗುವ ಈ ಎಳೆದಾಟವೇ ಹೊರಗಿನ ನೆಲವನ್ನು ಹಾಳುಮಾಡುವುದು. ಇದರ ಮೇಲೆ ದನ ಕರು ತುಳಿಯುತ್ತವೆ, ಗಂಜಲ ಬೀಳುತ್ತದೆ, ರಾಗಿ ಮೂಟೆ ಎಳೆಯುತ್ತಾರೆ, ತೆಂಗಿನಕಾಯಿ ಸುಲಿಯುತ್ತಾರೆ. ಅದೇ ಜಗಲಿಯ ಮೇಲೆ ಅಜ್ಜಿ ಕೂತು ಅವರೆಕಾಯಿ ಬಿಡಿಸಬೇಕು, ಮಕ್ಕಳು ಓಡಾಡಬೇಕು. ಇಷ್ಟನ್ನೂ ತಾಳುವ ನೆಲ ಬೇಕೆಂಬುದನ್ನು ಮೊದಲು ನೆನಪಿಡಬೇಕು.

ನುಣುಪಾದ ಟೈಲ್ಸ್ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಒಳಗಿನ ಕೋಣೆಗೆ ಅದು ಒಳ್ಳೆಯದೇ. ನೀರು ಹೀರುವುದು ಕಡಿಮೆ, ಒರೆಸುವುದು ಸುಲಭ. ಆದರೆ ಹೊರಗೆ ಒಂದು ಹನಿ ಮಳೆ ಬಿದ್ದರೂ ಅದು ಜಾರುಬಂಡೆಯಾಗುತ್ತದೆ. ಹಸಿ ಕಾಲಿನಲ್ಲಿ ಗದ್ದೆಯಿಂದ ಬಂದವರು, ಮುಂಜಾನೆ ಕತ್ತಲಲ್ಲಿ ಹಾಲು ಕರೆಯಲು ಹೊರಟವರು, ಎದ್ದು ಹೊರಗೆ ಹೋಗುವ ವೃದ್ಧರು ಜಾರಿ ಬಿದ್ದರೆಂಬ ಮಾತು ಈಗ ಊರೂರಲ್ಲೂ ಕೇಳುತ್ತದೆ. ಅರವತ್ತು ದಾಟಿದವರ ಸೊಂಟದ ಮೂಳೆ ಮುರಿದರೆ ಆಸ್ಪತ್ರೆಯ ಖರ್ಚು ಇಡೀ ಜಗಲಿಯ ಖರ್ಚನ್ನು ಮೀರುತ್ತದೆ. ಎಷ್ಟೋ ಮಂದಿ ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ. ಟೈಲ್ಸೇ ಬೇಕೆನ್ನುವವರು ಹೊರಗಿನ ಬಳಕೆಗೆಂದೇ ಮಾಡಿದ ಒರಟು ಮೈಯ ಟೈಲ್ಸ್ ಕೇಳಿ ತರಲಿ. ಅಂಗಡಿಯಲ್ಲೇ ಅದರ ಮೇಲೆ ನೀರು ಚೆಲ್ಲಿ, ಬರಿಗಾಲಿನಲ್ಲಿ ತುಳಿದು ನೋಡಲಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನಮ್ಮ ಅಭಿಪ್ರಾಯದಲ್ಲಿ ಈ ಮೂರು ತಾಲ್ಲೂಕುಗಳ ಜಗಲಿಗೆ ಒರಟು ಮೈಯ ಹಾಸುಗಲ್ಲಿಗಿಂತ ಮಿಗಿಲಾದುದಿಲ್ಲ. ನಮ್ಮ ನಾಡಿನ ಬೂದುಗಲ್ಲು ನೀರು ಹೀರುವುದಿಲ್ಲ, ಗೆದ್ದಲಿಗೆ ಬಗ್ಗುವುದಿಲ್ಲ, ಬಣ್ಣ ಬಳಿಯಿರೆಂದು ಕೇಳುವುದಿಲ್ಲ. ಉಳಿಯಿಂದ ಕೆತ್ತಿದ ಕಲ್ಲಾಗಲಿ, ಬೆಂಕಿ ಕೊಟ್ಟು ಒರಟು ಮಾಡಿದ ಗ್ರಾನೈಟಾಗಲಿ ಒದ್ದೆಯಲ್ಲೂ ಕಾಲು ಹಿಡಿಯುತ್ತದೆ. ಒಂದು ಕಲ್ಲು ಕುಸಿದರೆ ಅದೊಂದನ್ನೇ ಎತ್ತಿ, ಕೆಳಗೆ ಮರಳು ತುಂಬಿ ಮತ್ತೆ ಕೂರಿಸಬಹುದು. ದೋಷಗಳೂ ಇಲ್ಲದಿಲ್ಲ. ಕಲ್ಲು ಭಾರ, ಸಾಗಿಸುವ ಖರ್ಚು ಹೆಚ್ಚು, ಕೆತ್ತುವ ಕೈಗಳು ಕಡಿಮೆಯಾಗುತ್ತಿವೆ. ಸಂದುಗಳನ್ನು ಸರಿಯಾಗಿ ತುಂಬದಿದ್ದರೆ ಕಾಳು ಸಿಕ್ಕಿಕೊಳ್ಳುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ತೊಟ್ಟಿಮನೆ ಕೆಡವುವಾಗ ಅದರ ಚಪ್ಪಡಿಗಳನ್ನೂ ಮೆಟ್ಟಿಲುಗಳನ್ನೂ ಸಿಕ್ಕ ಬೆಲೆಗೆ ಮಾರುವ ಚಾಳಿ ಬೆಳೆದಿದೆ. ಊರಿನಲ್ಲಿ ಕಲ್ಲು ಮಾರಿ ಪೇಟೆಯಿಂದ ಟೈಲ್ಸ್ ತರುತ್ತೇವೆ. ಅದೇ ಕಲ್ಲನ್ನು ಬೆಂಗಳೂರಿನವರು ದುಬಾರಿ ಬೆಲೆಗೆ ಕೊಂಡು ತಮ್ಮ ತೋಟದ ಮನೆಗೆ ಹಾಸುತ್ತಾರೆ. ಅಜ್ಜನ ಕಾಲದ ಕಲ್ಲು ಮೊಮ್ಮಗನ ಕಾಲಕ್ಕೂ ಬರುತ್ತದೆ. ಹೊಸ ಮನೆಯ ನಕ್ಷೆ ಹಾಕುವ ಮೊದಲು ಹಳೆಯ ಕಲ್ಲನ್ನು ಎಣಿಸಿ, ಅಳೆದು, ಒಂದು ಕಡೆ ಜೋಡಿಸಿಡಿ. ಹೊಸ ಕಲ್ಲು ಕೊಳ್ಳುವವರು ಅದು ಎಲ್ಲಿಂದ ಬಂತೆಂದು ವಿಚಾರಿಸಿ ರಸೀತಿ ಪಡೆಯಲಿ. ಕೃಷ್ಣರಾಜಸಾಗರ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದೆಂದು 2024ರಲ್ಲಿ ಹೈಕೋರ್ಟು ಆದೇಶಿಸಿತು. ನಮ್ಮ ಗದ್ದೆಗೆ ನೀರುಣಿಸುವ ಕಟ್ಟೆಗೆ ಧಕ್ಕೆ ತಂದ ಕಲ್ಲು ನಮ್ಮ ಜಗಲಿಗೆ ಬೇಡ.

ಕಲ್ಲು ಕೈಗೆಟುಕದವರಿಗೆ ಬೇರೆ ದಾರಿಗಳಿವೆ. ಮಳೆಯ ಎರಚಲು ಬಾರದ, ಸೂರಿನ ನೆರಳಿರುವ ಒಳಜಗಲಿಗೆ ಕೆಂಪು ಕಾವಿಯ ಗಾರೆ ನೆಲ ತಂಪು, ಬೆಲೆಯೂ ಹಗುರ. ಅನುಭವಸ್ಥರ ಕೈಯಲ್ಲಿ ಮಾಡಿಸಿದರೆ ವರ್ಷ ಕಳೆದಂತೆ ಅದಕ್ಕೆ ಮೆರುಗು ಹೆಚ್ಚುತ್ತದೆ. ಆದರೆ ಬಿಸಿಲಿಗೆ ಬಿದ್ದ ಕಡೆ ಅದು ಕೂದಲೆಳೆಯಂತೆ ಬಿರುಕು ಬಿಡುತ್ತದೆ. ಕಡಪ ಕಲ್ಲು ಕಪ್ಪಾದ್ದರಿಂದ ಬಿಸಿಲಿಗೆ ಕಾದು ಕಾಲಿಡಲು ಬಿಡುವುದಿಲ್ಲ. ಶಹಾಬಾದ್ ಕಲ್ಲಿನ ಬಣ್ಣ ತಿಳಿ, ಬೆಲೆಯೂ ಹೆಚ್ಚಲ್ಲ. ಆದರೆ ಎರಡೂ ಸುಣ್ಣದ ಅಂಶದ ಕಲ್ಲುಗಳು. ಹುಣಸೆ, ನಿಂಬೆಯ ಹುಳಿಗೆ ಕಲೆಯಾಗುತ್ತವೆ. ಆಸಿಡ್ ಹಾಕಿ ತೊಳೆಯುವುದಂತೂ ಖಂಡಿತ ಕೂಡದು.

ಟ್ರಾಕ್ಟರು ಬಂದು ನಿಲ್ಲುವ ಅಂಗಳಕ್ಕೆ 80 ಮಿಲಿಮೀಟರ್ ದಪ್ಪದ ಸಿಮೆಂಟ್ ಇಂಟರ್‌ಲಾಕ್ ಇಟ್ಟಿಗೆ, ಇಲ್ಲವೆ ಕಾಂಕ್ರೀಟು ಸೂಕ್ತ. ಬರಿ ಓಡಾಟಕ್ಕಾದರೆ 60 ಮಿಲಿಮೀಟರಿನ ಇಟ್ಟಿಗೆ ಸಾಕು. ಇಂಟರ್‌ಲಾಕ್ ಸಂದಿನಲ್ಲಿ ಹುಲ್ಲು ಹುಟ್ಟುತ್ತದೆ; ಆದರೆ ಕೆಟ್ಟ ಇಟ್ಟಿಗೆಯನ್ನು ಕಿತ್ತು ಬದಲಿಸಬಹುದು. ಕಾಂಕ್ರೀಟಾದರೆ ನಾಲ್ಕು ಅಂಗುಲ ದಪ್ಪವಿರಲಿ, ಹತ್ತು ಅಡಿಗೊಂದು ಸಂದು ಬಿಡಲಿ. ಸಂದು ಬಿಡದಿದ್ದರೆ ಅದು ತನಗೆ ಬೇಕಾದ ಕಡೆ ತಾನೇ ಬಿರಿಯುತ್ತದೆ. ಗೋಣಿಚೀಲ ಹಾಸಿ ಹತ್ತು ದಿನ ತಪ್ಪದೆ ನೀರುಣಿಸಬೇಕು. 28 ದಿನ ಕಳೆಯುವವರೆಗೆ ಟ್ರಾಕ್ಟರು ಹತ್ತಿಸಬಾರದು. ಇನ್ನೊಂದು ಎಚ್ಚರಿಕೆ: ಬಿತ್ತನೆ ಬೀಜವನ್ನು ಕಾದ ಕಾಂಕ್ರೀಟಿನ ಮೇಲೆ ನಡುಹಗಲಿನಲ್ಲಿ ಒಣಗಿಸಬೇಡಿ. ಭತ್ತದ ಬೀಜಕ್ಕೆ 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ತಗುಲಿದರೆ ಮೊಳಕೆ ಕೆಡುತ್ತದೆ. ಟಾರ್ಪಾಲ್ ಹಾಸಿ ಬೆಳಗ್ಗೆ, ಸಂಜೆ ಒಣಗಿಸುವುದು ಕ್ಷೇಮ.

ಪಟ್ಟಣದಲ್ಲಿರುವ ಮಕ್ಕಳು ಮೊಬೈಲಿನಲ್ಲಿ ಚಿತ್ರ ತೋರಿಸಿ, ಮರದ ಹಲಗೆಯ ಜಗಲಿ ಮಾಡಿಸೋಣ ಎನ್ನುವುದುಂಟು. ಹೊರದೇಶದಲ್ಲಿ ಅದು ನಡೆಯುತ್ತದೆ. ನಮ್ಮ ಕೆಂಪು ಮಣ್ಣಿನ ಗೆದ್ದಲಿಗೆ ಅದು ಔತಣ. ವರ್ಷಕ್ಕೊಮ್ಮೆ ಎಣ್ಣೆ ಬಳಿಯುವವರು ಯಾರು? ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿದ ಹಲಗೆಗೆ ಗೆದ್ದಲಿನ ಕಾಟ ಕಡಿಮೆಯೇನೋ ಹೌದು, ಆದರೆ ಬೇಸಿಗೆಯಲ್ಲಿ ಅದು ಕಾವಲಿಯಂತೆ ಕಾಯುತ್ತದೆ. ಮುರಿದರೆ ಊರಿನಲ್ಲಿ ರಿಪೇರಿ ಮಾಡುವವರಿಲ್ಲ. ಕೈಗೆಟುಕುವ ದೂರದಲ್ಲಿ ಸರಿಪಡಿಸುವವನು ಸಿಗದ ವಸ್ತುವಿಗೆ ಹಣ ಹಾಕುವುದು ಜಾಣತನವಲ್ಲ.

ಯಾವ ವಸ್ತುವನ್ನೇ ಹಾಕಿದರೂ ಅದರ ಆಯುಸ್ಸು ಮೇಲಿನ ಹೊಳಪಿನಲ್ಲಿಲ್ಲ, ಕೆಳಗಿನ ಕೆಲಸದಲ್ಲಿದೆ. ಜಗಲಿಗೆ ತುಂಬುವ ಮಣ್ಣನ್ನು ಅರ್ಧರ್ಧ ಅಡಿಯಂತೆ ಹಾಕಿ, ನೀರು ಬಿಟ್ಟು, ದಮ್ಮಸು ಮಾಡಬೇಕು. ಸಾಧ್ಯವಿದ್ದವರು ತುಂಬಿದ ಮಣ್ಣನ್ನು ಒಂದು ಮಳೆಗಾಲ ಹಾಗೇ ಬಿಟ್ಟು, ಅದು ಕುಳಿತ ಮೇಲೆ ನೆಲ ಹಾಕಿಸಲಿ. ನೀರು ನಿಲ್ಲದಂತೆ ಹತ್ತು ಅಡಿಗೆ ಎರಡು ಅಂಗುಲ ವಾಟ ಇರಲಿ. ಆ ವಾಟ ಗೋಡೆಯಿಂದ ಹೊರಕ್ಕೆ ಇರಬೇಕು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಚೌಳು ಕಂಡ ಊರುಗಳಲ್ಲಿ, ನೆಲದಡಿಯ ತೇವ ಮೇಲಕ್ಕೇರಿ ಬಿಳಿ ಉಪ್ಪು ಏಳುತ್ತದೆ, ಟೈಲ್ಸ್ ಟೊಳ್ಳಾಗಿ ಎದ್ದು ಬರುತ್ತದೆ. ಅಂಥ ಕಡೆ ಮಣ್ಣಿನ ಮೇಲೆ ನೇರವಾಗಿ ಗಾರೆ ಹಾಕದೆ ಆರು ಅಂಗುಲ ದಪ್ಪ ಜಲ್ಲಿ ಹಾಸಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹರಡಿ, ಆಮೇಲೆ ಕಾಂಕ್ರೀಟು ಹಾಕುವುದು ಲೇಸು. ಮಳವಳ್ಳಿಯ ಮೇಲ್ನಾಡಿನ ಒಣ ಕೆಂಪು ನೆಲದಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಗೆದ್ದಲಿನದೇ ಚಿಂತೆ. ಸಿಮೆಂಟು ಸುಲಭವಾಗಿ ಸಿಗದ ಕಾಲದಲ್ಲಿ, 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಕಲ್ಲು ಮತ್ತು ಸುರ್ಕಿ ಗಾರೆಯಲ್ಲೇ ಕಟ್ಟಿದರು. ದುಬಾರಿ ವಸ್ತುವಿಗಿಂತ ಹತ್ತಿರದ ವಸ್ತು ಮತ್ತು ಶ್ರದ್ಧೆಯ ಕೆಲಸ ಹೆಚ್ಚು ಬಾಳುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಜಿಲ್ಲೆಯ ರೈತನಿಗೆ ಬೇಕಿಲ್ಲ.

ಕೊನೆಯದಾಗಿ, ಅಂಗಳವನ್ನು ಬರಿ ಅಲಂಕಾರವೆಂದು ಎಣಿಸಬಾರದು. ಕಣ ಮಾಡಲು ಜಾಗವಿಲ್ಲದೆ ರಾಗಿ, ಹುರುಳಿಯನ್ನು ಡಾಂಬರು ರಸ್ತೆಗೆ ಹಾಕುತ್ತಿದ್ದೇವೆ. ಕಾಳಿಗೆ ಕಲ್ಲು ಮಣ್ಣು ಸೇರುತ್ತದೆ. ಹುಲ್ಲಿನ ಮೇಲೆ ಜಾರಿ ಬೈಕಿನವರು ಬೀಳುತ್ತಾರೆ. ಅವರೂ ಯಾರದೋ ಮನೆಯ ಮಕ್ಕಳು. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಗಟ್ಟಿ ಅಂಗಳವಿದ್ದರೆ ಸಣ್ಣ ಹಿಡುವಳಿದಾರನ ಬೆಳೆ ಮನೆ ಮುಂದೆಯೇ ಒಣಗುತ್ತದೆ. ಅಷ್ಟೂ ಜಾಗವಿಲ್ಲದವರಿಗಾಗಿ ಪಂಚಾಯತಿಗಳು ಊರಿಗೊಂದು ಸಾಮೂಹಿಕ ಕಣ ಕಟ್ಟಿಸಿಕೊಡಬೇಕು. ಇದನ್ನು ಗ್ರಾಮಸಭೆಯಲ್ಲಿ ರೈತರೇ ಎದ್ದು ಕೇಳಬೇಕು.

ರೈತ ಬಾಂಧವರೇ, ಸಾಲ ಮಾಡಿ ಕಟ್ಟುವ ಮನೆಯಲ್ಲಿ ಪ್ರತಿ ರೂಪಾಯಿಯೂ ಬೆವರಿನದು. ಈ ಬೇಸಿಗೆಯಲ್ಲಿ ನೆಲ ಹಾಕಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಮಳೆಯಲ್ಲಿ ಇದರ ಮೇಲೆ ಅಮ್ಮ ಧೈರ್ಯವಾಗಿ ನಡೆಯಬಲ್ಲಳೇ? ಒಡೆದರೆ ನಮ್ಮೂರಿನ ಗಾರೆ ಕೆಲಸದವನೇ ಸರಿಮಾಡಬಲ್ಲನೇ? ಬಿದ್ದ ನೀರು ಎಲ್ಲಿಗೆ ಹರಿಯುತ್ತದೆ? ಮೂರಕ್ಕೂ ಸರಿಯಾದ ಉತ್ತರ ದೊರೆತರೆ ಹಣ ಬಿಚ್ಚಿ. ಇಲ್ಲವಾದರೆ ಇನ್ನೊಂದು ವರ್ಷ ಸಗಣಿ ಸಾರಿಸಿದ ಅಂಗಳದಲ್ಲೇ ಸಾಗಲಿ. ಅದರಿಂದ ಯಾರ ಮರ್ಯಾದೆಗೂ ಕುಂದಿಲ್ಲ.