‘ಬ್ಯಾಟರಿ ಹೋಗಿದೆ’ ಅಂದರೆ ಸಾಲದು, ತೋರಿಸಿ

ನಂದಿಗುಡಿಯಲ್ಲಿ ಪಂಪ್‌ಸೆಟ್ ನಿಂತರೆ ಯಾರೂ ನೇರವಾಗಿ ಹೊಸ ಮೋಟಾರ್ ತರಲು ಓಡುವುದಿಲ್ಲ. ಮೊದಲು ಫ್ಯೂಸ್ ನೋಡುತ್ತಾರೆ, ಆಮೇಲೆ ಸ್ಟಾರ್ಟರ್, ಆಮೇಲೆ ಕೆಪಾಸಿಟರ್. ವೈಂಡಿಂಗ್ ಸುಟ್ಟಿದ್ದರೆ ಮೆಕ್ಯಾನಿಕ್ ಬಿಚ್ಚಿ, ಕರಕಲಾದ ತಂತಿ ತೋರಿಸುತ್ತಾನೆ. ದುಡ್ಡಿನ ಮಾತು ಅದಾದ ಮೇಲೆ.

ಅದೇ ಊರಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಆಗದಿದ್ದರೆ? ಚೀಲಕ್ಕೆ ಹಾಕಿಕೊಂಡು ಹರಿಹರಕ್ಕೋ ದಾವಣಗೆರೆಗೋ ಬಸ್ ಹತ್ತುತ್ತೇವೆ. ಅಂಗಡಿಯಲ್ಲಿ ಒಮ್ಮೆ ಪ್ಲಗ್ ಚುಚ್ಚಿ ನೋಡಿ, ‘ಬ್ಯಾಟರಿ ಹೋಗಿದೆ’ ಅನ್ನುತ್ತಾರೆ. ನಾವು ತಲೆಯಾಡಿಸುತ್ತೇವೆ.

ನಮಗೂ ಹಾಗೇ ಆಯಿತು. ಸುದ್ದಿ ಕಳಿಸುವ ಲ್ಯಾಪ್‌ಟಾಪ್ ಶೇ 60ಕ್ಕೆ ಬಂದು ಚಾರ್ಜ್ ನಿಲ್ಲಿಸಿತು. ಅಂಗಡಿಯವರು ಹೊಸ ಬ್ಯಾಟರಿ ಹಾಕಿಸಿ ಅಂದರು. ಅಷ್ಟು ದುಡ್ಡಿರಲಿಲ್ಲ, ವಾಪಸ್ ಬಂದೆವು. ಕೊನೆಗೆ ನೋಡಿದರೆ, ಬ್ಯಾಟರಿ ಬೇಗ ಸವೆಯದಿರಲಿ ಎಂದು ಅರ್ಧ ದಾರಿಯಲ್ಲೇ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಆನ್ ಆಗಿತ್ತು. ಆಫ್ ಮಾಡಿದೆವು, ಶೇ 100 ಆಯಿತು. ಖರ್ಚು ಸೊನ್ನೆ, ಬಸ್ ಚಾರ್ಜ್ ಮತ್ತು ಒಂದು ದಿನ ಮಾತ್ರ ದಂಡ.

ಹಾಗಾಗಿ ಬಸ್ ಹತ್ತುವ ಮೊದಲು ಇಷ್ಟು ಮಾಡಿ. ಬೇರೆ ಸಾಕೆಟ್‌ಗೆ ಹಾಕಿ ನೋಡಿ. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದು ಬರೆದಿರುತ್ತದೆ. ಅಂದರೆ ವೋಲ್ಟೇಜ್ ಸ್ವಲ್ಪ ಇಳಿದರೂ ಅದು ಕೆಲಸ ಮಾಡಬೇಕು. ವೈರ್ ಮಡಿಚಿದ ಜಾಗ, ಪಿನ್ನಿನ ಬುಡ ಅಲ್ಲಾಡಿಸಿ ನೋಡಿ. 65 ವಾಟ್ ಬೇಡುವ ಯಂತ್ರಕ್ಕೆ ಮೊಬೈಲ್ ಚಾರ್ಜರ್ ಸಾಲದು. ಯಂತ್ರ ಕಾದಿದ್ದರೆ ಆರಲು ಬಿಡಿ. ಬಿಸಿ ಹೆಚ್ಚಾದರೆ ಲಿಥಿಯಂ ಬ್ಯಾಟರಿಯ ಚಾರ್ಜಿಂಗ್ ತಾನಾಗಿಯೇ ನಿಲ್ಲುತ್ತದೆ. ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಮಾತ್ರ ಪ್ರಯೋಗ ಬೇಡ. ಪ್ಲಗ್ ಕಿತ್ತು ನೇರ ಅಂಗಡಿಗೆ ಹೋಗಿ. ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹತ್ತುತ್ತದೆ.

ಬ್ಯಾಟರಿ ನಿಜಕ್ಕೂ ಸವೆದಿದೆಯೇ? ಅದಕ್ಕೂ ಸಾಕ್ಷಿ ಇದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ’, ಒಂದು ಜಾಗ ಬಿಟ್ಟು ಓರೆಗೀಟು, ಅದಕ್ಕಂಟಿಸಿ ‘ಬ್ಯಾಟರಿರಿಪೋರ್ಟ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ವರದಿ ಸಿದ್ಧ. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ, ಎರಡೂ ಅದರಲ್ಲಿರುತ್ತವೆ. 40,000 ಇದ್ದದ್ದು 15,000ಕ್ಕೆ ಇಳಿದಿದ್ದರೆ ಸವೆದದ್ದು ಖರೆ. ಇದನ್ನು ತೋರಿಸಲು ಅಂಗಡಿಯವರಿಗೆ ಎರಡು ನಿಮಿಷ ಸಾಕು.

‘ಇಷ್ಟೆಲ್ಲ ತೋರಿಸ್ತಾ ಕೂತರೆ ಬಾಡಿಗೆ ಯಾರು ಕಟ್ತಾರೆ’ ಎಂದು ಅಂಗಡಿಯವರು ಕೇಳಬಹುದು. ಪರೀಕ್ಷೆಗೆ ದುಡ್ಡು ತಗೊಳ್ಳಲಿ, ನಮ್ಮ ತಕರಾರಿಲ್ಲ. ಪಂಪ್‌ಸೆಟ್ ಮೆಕ್ಯಾನಿಕ್ಕಿಗೂ ಹೊಟ್ಟೆ ಇದೆ; ಅವನು ತೋರಿಸಿಯೇ ಬದುಕುತ್ತಿದ್ದಾನೆ.

ಅಂಗಡಿಗಿಂತ ದೊಡ್ಡ ಪಾಲು ಕಂಪನಿಗಳದ್ದು. ಮೊದಲು ಕೊಂಡಿ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಈಗ ಅದನ್ನು ಒಳಗೆ ಹುಗಿದು ಸ್ಕ್ರೂ ಬಿಗಿದಿದ್ದಾರೆ. ಯುರೋಪಿನಲ್ಲಿ 2027ರ ಫೆಬ್ರುವರಿ 18ರಿಂದ ಇಂಥ ಬ್ಯಾಟರಿಗಳನ್ನು ಬಳಸುವವರೇ ಬದಲಿಸಲು ಬರುವಂತೆ ಮಾಡಬೇಕೆಂಬ ನಿಯಮವಿದೆ. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಅದು ಮಾಹಿತಿ ಕೊಡುತ್ತದೆ, ಕಂಪನಿಯ ಕಿವಿ ಹಿಂಡುವುದಿಲ್ಲ. ಅಲ್ಲಿನವರಿಗೆ ಕೊಡಲು ಬರುವ ಸೌಲಭ್ಯ ಹರಿಹರ ತಾಲ್ಲೂಕಿನವರಿಗೆ ಯಾಕೆ ಬರುವುದಿಲ್ಲ?

ಕಾನೂನು ಬರುವವರೆಗೆ ಬಾಯಿಯಾದರೂ ಇದೆಯಲ್ಲ. ಬೇರೆ ಅಡಾಪ್ಟರ್ ಹಾಕಿ ನೋಡಿದಿರಾ ಎಂದು ಕೇಳಿ. ವರದಿ ತೋರಿಸಿ ಅನ್ನಿ. ಹಳೆ ಬ್ಯಾಟರಿ ಕಣ್ಣಿಗೆ ಕಾಣಿಸಲಿ. ಬಿಲ್ ಕೇಳಿ ಪಡೆಯಿರಿ. ಬಿಲ್ ಕೊಡದಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಮೋಸವಾಯಿತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಹೊಲದ ಮೋಟಾರ್ ವಿಷಯದಲ್ಲಿ ನಮ್ಮನ್ನು ಯಾರೂ ಸುಲಭಕ್ಕೆ ಯಾಮಾರಿಸಲು ಆಗುವುದಿಲ್ಲ. ಮಕ್ಕಳ ಲ್ಯಾಪ್‌ಟಾಪ್ ವಿಷಯದಲ್ಲೂ ಹಾಗೇ ಆಗಲಿ.