ಬಟ್ಟೆ ಹಾಕ್ಕೊಂಡ್ರೆ ಬೀಚಿಂದ ಹೊರಗೆ! ಯುರೋಪಿನ ಬೆತ್ತಲೆ ಬೀಚುಗಳ ಅಸಲಿ ಕಥೆ ಏನು?

ಜರ್ಮನಿಯಲ್ಲಿ ಬಾಲ್ಟಿಕ್ ಸಮುದ್ರದ ದಂಡೆ ಮೇಲೆ ರೋಸ್ಟಾಕ್ ಅಂತ ಒಂದು ಬಂದರು ನಗರ ಇದೆ. 2025ರಲ್ಲಿ ಅಲ್ಲಿನ ನಗರಾಡಳಿತ ತನ್ನ ಬೀಚುಗಳಿಗೆ ಹೊಸ ನಿಯಮ ತಂದಿದೆ. ಬೆತ್ತಲೆ ಸ್ನಾನಕ್ಕೆ ಅಂತ ಗುರುತು ಮಾಡಿದ ಜಾಗದಲ್ಲಿ ಯಾರಾದ್ರೂ ಬಟ್ಟೆ ಹಾಕಿಕೊಂಡು ಕೂತರೆ, ಬೀಚಿನ ಸಿಬ್ಬಂದಿ ಅವರನ್ನು ಎಬ್ಬಿಸಿ ಕಳಿಸಬಹುದು. ಹೌದು, ಸರಿಯಾಗೇ ಓದಿದ್ರಿ. ಬಟ್ಟೆ ಬಿಚ್ಚಿದವರನ್ನಲ್ಲ, ಹಾಕಿಕೊಂಡವರನ್ನು.

ಇದನ್ನು ಕೇಳಿದ ಯಾರಿಗಾದ್ರೂ ನಗು ಬರುತ್ತೆ. ಆದ್ರೆ ಅದೇ ನಿಯಮದಲ್ಲಿ ಇನ್ನೊಂದು ಭಾಗ ಇದೆ. ರೋಸ್ಟಾಕ್‌ನಲ್ಲಿ ಇಂಥ ಬೀಚುಗಳ ಸಂಖ್ಯೆ 37 ಇದ್ದದ್ದು 27ಕ್ಕೆ ಇಳಿದಿದೆ. ಅಂದ್ರೆ ಬೆತ್ತಲೆ ಬೀಚು ಜಾಸ್ತಿ ಆಗ್ತಾ ಇಲ್ಲ, ಕಮ್ಮಿ ಆಗ್ತಾ ಇದೆ. ಉಳಿದಷ್ಟನ್ನು ಕಾಪಾಡಿಕೊಳ್ಳೋಕೆ ಬಟ್ಟೆ ಹಾಕಿದವರನ್ನು ಹೊರಗೆ ಕಳಿಸುವ ಸ್ಥಿತಿ ಬಂದಿದೆ. ಅಸಲಿ ಸುದ್ದಿ ಇರೋದು ಇಲ್ಲಿ.

ಯುರೋಪ್ ಅಂದ್ರೆ ಬೀಚಲ್ಲಿ ಎಲ್ಲರೂ ಬಟ್ಟೆ ಇಲ್ಲದೆ ಓಡಾಡ್ತಾರೆ, ಹೇಳೋರು ಕೇಳೋರು ಯಾರೂ ಇಲ್ಲ ಅನ್ನೋ ಭಾವನೆ ನಮ್ಮ ಕಡೆ ಇದೆ. ಮೊಬೈಲಲ್ಲಿ ಬರುವ ವಿಡಿಯೋಗಳೂ ಹಾಗೇ ತೋರಿಸ್ತವೆ. ನಿಜ ಬೇರೇನೇ ಇದೆ.

*ಶುರುವಾಗಿದ್ದು ಮಜಾಕ್ಕಲ್ಲ*

ಈ ಪದ್ಧತಿಗೆ ನೇಚರಿಸಂ ಅಂತಾರೆ. ಜರ್ಮನಿಯಲ್ಲಿ ಇದರ ಹೆಸರು ಎಫ್‌ಕೆಕೆ. ಅಲ್ಲಿನ ಭಾಷೆಯಲ್ಲಿ ‘ಮುಕ್ತ ದೇಹ ಸಂಸ್ಕೃತಿ’ ಅನ್ನೋ ಅರ್ಥದ ಉದ್ದದ ಪದ ಒಂದಿದೆ, ಅದರ ಮೂರು ಅಕ್ಷರ ಇದು. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ನಗರಗಳು ಕಾರ್ಖಾನೆ ಹೊಗೆಯಲ್ಲಿ ಮುಳುಗಿದ್ದವು. ಇಕ್ಕಟ್ಟಾದ ಮನೆ, ಬಿಸಿಲೇ ಬೀಳದ ಓಣಿ, ಎಲ್ಲೆಡೆ ಕ್ಷಯರೋಗ. ಬಿಸಿಲು, ಗಾಳಿ, ನೀರು ಮೈಗೆ ನೇರವಾಗಿ ತಾಗಬೇಕು ಅನ್ನುವ ಆರೋಗ್ಯ ಚಳವಳಿ ಆಗ ಹುಟ್ಟಿಕೊಂಡಿತು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕೊಟ್ಟಿದ್ದಕ್ಕೆ ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಸಿಕ್ಕಿದ್ದೂ ಅದೇ ಕಾಲದಲ್ಲಿ.

ವರ್ಷದ ಮುಕ್ಕಾಲು ಭಾಗ ಮೋಡ, ಚಳಿ ಇರುವ ಊರಲ್ಲಿ ಬಿಸಿಲು ಅಂದ್ರೆ ಔಷಧಿ ಇದ್ದ ಹಾಗೆ. ನೆರಳು ಹುಡುಕಿ ನಿಲ್ಲುವ ನಮಗೆ ಇದು ತಟ್ಟನೆ ಅರ್ಥ ಆಗಲ್ಲ.

*ನಿಷೇಧ ಹಾಕಿದರೂ ನಿಲ್ಲಲಿಲ್ಲ*

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ತಕ್ಷಣ ಗೋರಿಂಗ್ ಈ ಸಂಸ್ಕೃತಿಯ ವಿರುದ್ಧ ಆದೇಶ ಹೊರಡಿಸಿದ. ಯುದ್ಧದ ನಂತರ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರವೂ 1954ರಲ್ಲಿ ಬಾಲ್ಟಿಕ್ ತೀರದಲ್ಲಿ ಬೆತ್ತಲೆ ಸ್ನಾನ ಬಂದ್ ಮಾಡೋಕೆ ಹೊರಟಿತು. ಜನ ವಿರೋಧ ಮಾಡಿದರು. 1956ರಲ್ಲಿ ಸರ್ಕಾರವೇ ಹಿಂದೆ ಸರಿದು, ಗುರುತು ಮಾಡಿದ ಜಾಗದಲ್ಲಿ ಮಾಡಿಕೊಳ್ಳಿ ಅಂತ ನಿಯಮ ತಂತು.

ಮಾತಾಡೋಕೆ, ಬರೆಯೋಕೆ, ಗಡಿ ದಾಟೋಕೆ ಸ್ವಾತಂತ್ರ್ಯ ಇಲ್ಲದ ದೇಶದಲ್ಲಿ ಜನರಿಗೆ ಸಿಕ್ಕ ಸಣ್ಣ ಸ್ವಾತಂತ್ರ್ಯ ಇದು. ಅದಕ್ಕೇ ಅಲ್ಲಿ ಅದು ಅಷ್ಟು ಗಟ್ಟಿಯಾಗಿ ಬೇರೂರಿತು. ಅಪ್ಪ, ಅಮ್ಮ, ಮಕ್ಕಳು, ಅಜ್ಜಿ ಎಲ್ಲ ಒಟ್ಟಿಗೆ ಹೋಗುವ ರಜೆ ಅದು. 1990ರಲ್ಲಿ ಎರಡೂ ಜರ್ಮನಿ ಒಂದಾದಾಗ ಪಶ್ಚಿಮದ ಪ್ರವಾಸಿಗರು, ಹೋಟೆಲ್ ಮಾಲೀಕರು ಬಾಲ್ಟಿಕ್ ತೀರಕ್ಕೆ ಬಂದರು. ಬಟ್ಟೆ ಹಾಕಿದವರಿಗೆ ಎಷ್ಟು ಜಾಗ, ಬಿಚ್ಚಿದವರಿಗೆ ಎಷ್ಟು ಜಾಗ ಅನ್ನೋ ಜಗಳ ಶುರುವಾಗಿದ್ದು ಆಗ. ಇವತ್ತಿನ ರೋಸ್ಟಾಕ್ ನಿಯಮ ಅದೇ ಜಗಳದ ಮುಂದುವರಿದ ಭಾಗ.

*ವ್ಯಾಪಾರದ ಲೆಕ್ಕ*

ಅಂಗಡಿ ಇಟ್ಟವರಿಗೆ ಈ ಭಾಗ ಬೇಗ ಅರ್ಥ ಆಗುತ್ತೆ. 1950ರಲ್ಲಿ ಫ್ರಾನ್ಸಿನ ಅಟ್ಲಾಂಟಿಕ್ ತೀರದ ಮೊಂತಲಿವೆಯಲ್ಲಿ ಆಲ್ಬರ್ಟ್ ಮತ್ತು ಕ್ರಿಸ್ಟಿಯಾನ್ ಲೆಕಾಕ್ ಅನ್ನುವ ಗಂಡ-ಹೆಂಡತಿ ನೇಚರಿಸ್ಟ್ ರಜಾ ಕೇಂದ್ರ ಶುರು ಮಾಡಿದರು. 1961ರಲ್ಲಿ ಆಗಿನ ಯುಗೊಸ್ಲಾವಿಯಾ, ಅಂದ್ರೆ ಇವತ್ತಿನ ಕ್ರೊಯೇಷ್ಯಾದಲ್ಲಿ ಕೊವರ್ಸಾದಾ ಅನ್ನುವ ದೊಡ್ಡ ಕೇಂದ್ರ ಬಂತು. ಅದೂ ಕಮ್ಯುನಿಸ್ಟ್ ದೇಶವೇ. ಆದ್ರೆ ಪಶ್ಚಿಮ ಜರ್ಮನಿಯ ಪ್ರವಾಸಿ ತರುವ ದುಡ್ಡು ಅದಕ್ಕೆ ಬೇಕಿತ್ತು.

ದಕ್ಷಿಣ ಫ್ರಾನ್ಸಿನ ಕಾಪ್ ದಾಗ್ದ್ ಇನ್ನೂ ದೊಡ್ಡದು. ಓಲ್ಟ್ರಾ ಸಹೋದರರು ತಮ್ಮ ಜಮೀನಲ್ಲಿ ಪ್ರವಾಸಿಗರಿಗೆ ಟೆಂಟ್ ಹಾಕೋಕೆ ಬಿಟ್ಟಿದ್ದರಿಂದ ಶುರುವಾಗಿದ್ದು ಇವತ್ತು ಒಂದು ಊರೇ ಆಗಿದೆ. ಬೇಸಿಗೆಯಲ್ಲಿ ಒಂದೊಂದು ದಿನ 40 ಸಾವಿರದವರೆಗೂ ಜನ ಇರ್ತಾರೆ. ಗೇಟು ಇದೆ, ಒಳಗೆ ಹೋಗೋಕೆ ದುಡ್ಡು ಕಟ್ಟಬೇಕು. ಒಳಗೆ ಬೇಕರಿ, ಸೂಪರ್ ಮಾರ್ಕೆಟ್, ಸಲೂನ್, ಹೋಟೆಲ್ ಎಲ್ಲ ಇವೆ. ಗಿರಾಕಿ ಮೈಮೇಲೆ ನೂಲು ಇಲ್ಲದೆ ಬಂದು ಬ್ರೆಡ್ ತಗೊಂಡು ಹೋಗ್ತಾನೆ, ಅಂಗಡಿಯವನು ಚಿಲ್ಲರೆ ಎಣಿಸಿ ಕೊಡ್ತಾನೆ. ಅಲ್ಲಿ ಅದು ಮಾಮೂಲಿ.

ಕಾಪ್ ದಾಗ್ದ್‌ಗೆ ಇನ್ನೊಂದು ಮುಖವೂ ಇದೆ. ಬರ್ತಾ ಬರ್ತಾ ಅಲ್ಲಿ ರಾತ್ರಿ ಹೊತ್ತಿನ ‘ಬೇರೆ ಥರದ’ ಕ್ಲಬ್ಬುಗಳು ಬಂದವು. ಕುಟುಂಬ ಸಮೇತ ಹೋಗುತ್ತಿದ್ದ ಹಳೇ ನೇಚರಿಸ್ಟ್‌ಗಳಿಗೆ ಇದು ಸಿಟ್ಟು ತರಿಸಿದೆ. ನಮ್ಮದು ಕಾಮದ ವಿಷಯ ಅಲ್ಲ, ನಮ್ಮ ಹೆಸರು ಹಾಳಾಯ್ತು ಅನ್ನೋದು ಅವರ ದೂರು.

*ಬೋರ್ಡು ದಾಟಿದರೆ ದಂಡ*

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಫ್ರಾನ್ಸಿನಲ್ಲಿ ಸಾರ್ವಜನಿಕವಾಗಿ ಅಶ್ಲೀಲ ಪ್ರದರ್ಶನ ಮಾಡಿದರೆ 1 ವರ್ಷ ಜೈಲು, 15,000 ಯೂರೋ ದಂಡದವರೆಗೂ ಕಾನೂನಲ್ಲಿ ಅವಕಾಶ ಇದೆ. ಸ್ಪೇನಿನಲ್ಲಿ ಬರೀ ಬೆತ್ತಲೆ ಇರೋದು ಅಪರಾಧ ಅಲ್ಲ. ಆದ್ರೆ ಬಾರ್ಸಿಲೋನಾ ನಗರ 2011ರಲ್ಲಿ ಬೀದಿಯಲ್ಲಿ ಬೆತ್ತಲೆ ಓಡಾಡೋದನ್ನು ನಿಷೇಧಿಸಿ 300ರಿಂದ 500 ಯೂರೋ ದಂಡ ಇಟ್ಟಿತು. ಪೋರ್ಚುಗಲ್‌ನ ಪ್ರವಾಸಿ ಊರು ಆಲ್ಬುಫೇರಾ 2025ರಲ್ಲಿ ಇನ್ನೂ ಮುಂದೆ ಹೋಯ್ತು. ಬೀಚು ಬಿಟ್ಟು ಪೇಟೆ ಒಳಗೆ ಬರೀ ಈಜುಡುಗೆಯಲ್ಲಿ ತಿರುಗಿದರೂ 300ರಿಂದ 1,500 ಯೂರೋ. ಕಮ್ಮಿ ಅಂದ್ರೂ ನಮ್ಮ 30 ಸಾವಿರ ರೂಪಾಯಿ ಹತ್ತಿರ.

ಇನ್ನು ಬೀಚಿನ ಒಳಗೂ ಶಿಸ್ತು ಇದೆ. ಎಲ್ಲಿ ಕೂತರೂ ಕೆಳಗೆ ನಿಮ್ಮ ಟವೆಲ್ ಹಾಸಬೇಕು. ದಿಟ್ಟಿಸಿ ನೋಡಬಾರದು. ಫೋಟೋ ಅಂತೂ ತೆಗೆಯಲೇಬಾರದು. ಅಸಭ್ಯವಾಗಿ ವರ್ತಿಸಿದರೆ ಹೊರಗೆ. ಎಲ್ಲರೂ ಒಂದೇ ಥರ ಇದ್ದಾಗ ಯಾರಿಗೂ ಮುಜುಗರ ಇಲ್ಲ ಅನ್ನೋದು ಇದರ ಹಿಂದಿನ ತರ್ಕ. ಒಬ್ಬ ಪ್ಯಾಂಟು ಹಾಕಿ, ಕೈಯಲ್ಲಿ ಮೊಬೈಲ್ ಹಿಡಿದು ಕೂತರೆ ಅವನು ನೋಡೋಕೆ ಬಂದವನು ಅಂತ ಉಳಿದವರಿಗೆ ಅನ್ನಿಸುತ್ತೆ. ರೋಸ್ಟಾಕ್ ನಿಯಮ ಹುಚ್ಚು ಅಲ್ಲ ಅಂತ ಈಗ ಅರ್ಥ ಆಗಬಹುದು.

ಕೆಲವು ಸಲ ಅಲ್ಲೂ ಗೊಂದಲ ಆಗುತ್ತೆ. 2020ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಸೇಂಟ್ ಮರಿ ಲಾ ಮೆರ್ ಬೀಚಲ್ಲಿ ಮೇಲುಡುಪು ಇಲ್ಲದೆ ಬಿಸಿಲು ಕಾಯಿಸುತ್ತಿದ್ದ ಮಹಿಳೆಯರಿಗೆ ಮೈ ಮುಚ್ಚಿಕೊಳ್ಳಿ ಅಂತ ಪೊಲೀಸರು ಹೇಳಿದರು. ಒಂದು ಕುಟುಂಬ ದೂರು ಕೊಟ್ಟಿತ್ತು. ವಿಷಯ ದೊಡ್ಡದಾಗಿ, ಗೃಹ ಸಚಿವ ಜೆರಾಲ್ಡ್ ದರ್ಮನೆನ್ ಅವರೇ ಮಹಿಳೆಯರ ಪರ ನಿಂತರು. ಅದೇ ಫ್ರಾನ್ಸಿನಲ್ಲಿ 2016ರಲ್ಲಿ ಮೈತುಂಬ ಮುಚ್ಚುವ ಬುರ್ಕಿನಿ ಈಜುಡುಗೆಯನ್ನು ಹಲವು ಊರುಗಳು ನಿಷೇಧಿಸಿದ್ದವು. ಒಂದು ಊರಿನ ಆ ಆದೇಶಕ್ಕೆ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ತಡೆ ಕೊಟ್ಟಿತು. ಹೆಣ್ಣುಮಕ್ಕಳು ಬಿಚ್ಚಿದರೂ ಸುದ್ದಿ, ಮುಚ್ಚಿದರೂ ಸುದ್ದಿ. ಆ ವಿಷಯದಲ್ಲಿ ಮಾತ್ರ ಯುರೋಪಿಗೂ ನಮಗೂ ಅಷ್ಟೇನೂ ವ್ಯತ್ಯಾಸ ಇಲ್ಲ.

*ಕೊಂದಿದ್ದು ಕಾನೂನಲ್ಲ, ಕ್ಯಾಮೆರಾ*

ಜರ್ಮನಿಯ ನೇಚರಿಸ್ಟ್ ಸಂಘಗಳ ಒಕ್ಕೂಟ 1949ರಲ್ಲಿ ಹುಟ್ಟಿದ್ದು. 2024ಕ್ಕೆ 75 ವರ್ಷ. ದೊಡ್ಡ ಸಂಭ್ರಮ ಮಾಡಬೇಕು ಅಂತ ಇತ್ತು, ಬರೋಕೆ ಜನ ಸಾಲದೆ ರದ್ದು ಮಾಡಿದರು. ಸದಸ್ಯರಲ್ಲಿ ವಯಸ್ಸಾದವರೇ ಜಾಸ್ತಿ, ಹುಡುಗರು ಸೇರ್ತಾ ಇಲ್ಲ. ಫ್ರಾನ್ಸಿನ ಇಫಾಪ್ ಸಂಸ್ಥೆಯ ಸಮೀಕ್ಷೆ ನೋಡಿದರೆ, 1984ರಲ್ಲಿ 43% ಮಹಿಳೆಯರು ಬೀಚಲ್ಲಿ ಮೇಲುಡುಪು ಇಲ್ಲದೆ ಬಿಸಿಲು ಕಾಯಿಸುತ್ತಿದ್ದರು. 2019ಕ್ಕೆ 50 ವರ್ಷದೊಳಗಿನ ಮಹಿಳೆಯರಲ್ಲಿ ಇದು 22%ಗೆ ಇಳಿದಿತ್ತು.

ಕಾರಣ ಏನು? ಚರ್ಮದ ಕ್ಯಾನ್ಸರ್ ಭಯ ಒಂದು. ಗಂಡಸರ ನೋಟ, ಕಿರಿಕಿರಿ ಇನ್ನೊಂದು. ಎಲ್ಲಕ್ಕಿಂತ ಹೊಸದು ಮೊಬೈಲ್. ಮೊದಲು ಬೀಚಲ್ಲಿ ನೋಡಿದವರು ಅಲ್ಲೇ ಮರೆತು ಹೋಗ್ತಿದ್ರು. ಈಗ ಯಾರೋ ಒಬ್ಬ ಸದ್ದಿಲ್ಲದೆ ಕ್ಲಿಕ್ ಮಾಡಿದರೆ ಸಂಜೆ ಒಳಗೆ ಸಾವಿರಾರು ಜನರ ಕೈಯಲ್ಲಿ ಆ ಚಿತ್ರ ಇರುತ್ತೆ. ನಾಜಿಗಳ ಆದೇಶಕ್ಕೆ, ಕಮ್ಯುನಿಸ್ಟರ ನಿಷೇಧಕ್ಕೆ ಬಗ್ಗದ ಪದ್ಧತಿ ಕ್ಯಾಮೆರಾ ಫೋನಿಗೆ ಬಗ್ಗಿದೆ.

ಹಾಗಂತ ಪೂರ್ತಿ ಮುಗಿದಿಲ್ಲ. 2017ರಲ್ಲಿ ಪ್ಯಾರಿಸ್ ನಗರವೇ ತನ್ನ ಒಂದು ದೊಡ್ಡ ಪಾರ್ಕಿನಲ್ಲಿ ಬೆತ್ತಲೆ ಇರೋಕೆ ಜಾಗ ಬಿಟ್ಟುಕೊಟ್ಟಿತು. 2024ರಲ್ಲಿ ಮಾರ್ಸೆಯ ದೊಡ್ಡ ಮ್ಯೂಸಿಯಂ ನೇಚರಿಸಂ ಇತಿಹಾಸದ ಮೇಲೆ ಪ್ರದರ್ಶನ ಮಾಡಿತು. ಆದ್ರೆ ಒಂದು ಪದ್ಧತಿ ಮ್ಯೂಸಿಯಂ ಸೇರೋದು ಯಾವಾಗ ಅಂತ ನಿಮಗೇ ಗೊತ್ತು.

*ನಮಗೇನು ಸಂಬಂಧ?*

ಇದೆ. 2023-24ರ ಲೆಕ್ಕದಲ್ಲಿ ಜರ್ಮನಿಯಲ್ಲಿ 49 ಸಾವಿರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳಿದ್ದರು. ನಮ್ಮ ರಾಜ್ಯದ ಹುಡುಗ ಹುಡುಗಿಯರೂ ಅವರಲ್ಲಿದ್ದಾರೆ. ಮ್ಯೂನಿಕ್ ನಗರದ ನಡುವೆ ಇರುವ ಇಂಗ್ಲಿಷರ್ ಗಾರ್ಟನ್ ಪಾರ್ಕಿನಲ್ಲಿ ಬೆತ್ತಲೆ ಬಿಸಿಲು ಕಾಯಿಸೋಕೆ ಜಾಗ ಇದೆ. 2014ರಲ್ಲಿ ಅಲ್ಲಿನ ನಗರಸಭೆ ಇಂಥ ಆರು ಜಾಗಗಳನ್ನು ಗುರುತು ಮಾಡಿತು. ಮಗ ಕಾಲೇಜಿಂದ ರೂಮಿಗೆ ಹೋಗುವ ದಾರಿಯಲ್ಲೇ ಅದು ಸಿಗಬಹುದು. ಮನೆಯವರು ಗಾಬರಿ ಆಗಬೇಕಿಲ್ಲ. ಎಫ್‌ಕೆಕೆ ಅಂತ ಬೋರ್ಡು ಕಂಡರೆ ಮೊಬೈಲ್ ಜೇಬಿಗಿಟ್ಟು ಸುಮ್ಮನೆ ಮುಂದೆ ನಡೆದರೆ ಆಯ್ತು.

ಇನ್ನು ಗೋಕರ್ಣದಂಥ ಊರಿಗೆ ಯುರೋಪಿನವರು ಬರ್ತಾರೆ. ಅಲ್ಲಿ ಬೋರ್ಡು ಇರುವ ಹಾಗೆ ಇಲ್ಲಿ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 296ರ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ತೊಂದರೆ ಆಗುವಂತೆ ಅಶ್ಲೀಲವಾಗಿ ನಡೆದುಕೊಂಡರೆ 3 ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ವಿದೇಶಿಯರಿಗೂ ಇದೇ ಕಾನೂನು.

ಕೊನೆಗೆ ನಮ್ಮ ಕಡೆಯ ಗ್ರೂಪುಗಳ ವಿಷಯ. ಯುರೋಪಿನ ಬೀಚಿನ ವಿಡಿಯೋ ಅಂತ ಬಂದದ್ದನ್ನು ‘ನೋಡಿ ಮಜಾ ಮಾಡಿ’ ಅಂತ ಮುಂದೆ ತಳ್ಳೋರು ಒಂದು ಮಾತು ನೆನಪಿಡಿ. ಐಟಿ ಕಾಯ್ದೆಯ ಸೆಕ್ಷನ್ 67ರಲ್ಲಿ ಅಶ್ಲೀಲ ವಿಷಯ ಹಾಕೋದಷ್ಟೇ ಅಲ್ಲ, ರವಾನೆ ಮಾಡೋದೂ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಬೀಚಲ್ಲಿ ಮಲಗಿದ್ದ ಆ ಹೆಂಗಸು ತನ್ನ ಊರಿನ ಕಾನೂನಿನಂತೆ, ಬೋರ್ಡಿನ ಒಳಗೇ ಇದ್ದಳು. ಬೋರ್ಡು ದಾಟಿದ್ದು ವಿಡಿಯೋ ತೆಗೆದವನು, ಆಮೇಲೆ ಅದನ್ನು ಫಾರ್ವರ್ಡ್ ಮಾಡಿದವನು.