ಆರು ಚಕ್ರ ಇದ್ದದ್ದೇ ತಪ್ಪಾ? (ಹಳೇ ಬಸ್ಸು ಸರಣಿ, ಭಾಗ 5)

ಫೋಟೊ ನೋಡಿದ್ರಾ? ಮೂಗು ಮುಂದೆ ಚಾಚಿಕೊಂಡ ಹಳೇ ಲೇಲ್ಯಾಂಡ್. ಹಾರ್ಟ್ ಒತ್ತಿ ಮುಂದೆ ಹೋಗೋದು ಸುಲಭ, ಒಂಚೂರು ತಡೀರಿ. ಇವತ್ತಿನದು ಚೆಂದದ ಪೋಸ್ಟ್ ಅಲ್ಲ, ಸ್ವಲ್ಪ ಕೋಪದ್ದು.

ವಿಷಯ ಇಷ್ಟು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಅಂತ ನಿಯಮ ತಂತು. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. 20 ಸಾವಿರ ರೂಪಾಯಿ ಕಟ್ಟಿದ್ರೆ 'ವಿಎ' ಅನ್ನೋ ಅಕ್ಷರ ಇರೋ ಬೇರೆ ನಂಬರ್ ಪ್ಲೇಟ್ ಸಿಗುತ್ತೆ. ದಿನಾ ಓಡಿಸೋ ಹಾಗಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ ರಸ್ತೆಗೆ ಇಳಿಸಬಹುದು. ಒಳ್ಳೇ ನಿಯಮಾನೇ. ಆದ್ರೆ ಯಾರಿಗೆ? ಎರಡು ಚಕ್ರ, ನಾಲ್ಕು ಚಕ್ರದ ವಾಹನಗಳಿಗೆ, ಅದೂ ಸ್ವಂತ ಬಳಕೆಯವಕ್ಕೆ ಮಾತ್ರ. ಬಸ್ಸಿನ ಹಿಂದಿನ ಆಕ್ಸಲ್‌ನಲ್ಲಿ ಜೋಡಿ ಟೈರು ಇರುತ್ತಲ್ಲ, ಎಣಿಸಿ ನೋಡಿ, ಒಟ್ಟು ಆರು. ಟಿಕೆಟ್ ಹರಿದು ದುಡಿದ ಗಾಡಿ ಬೇರೆ. ಅಂದ್ರೆ ಸಾಹುಕಾರರು ಶೆಡ್ಡಲ್ಲಿ ಮುಚ್ಚಿಟ್ಟ ಕಾರು ಪರಂಪರೆ, ಊರಿಗೆ ಊರೇ ಹತ್ತಿ ಇಳಿದ ಬಸ್ಸು ಗುಜರಿ!

ಇನ್ನೊಂದು ಕಡೆಯಿಂದಲೂ ಬಾಗಿಲು ಹಾಕಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದು, ಗಾಡಿ ಗುಜರಿಗೆ. ಸಾರಿಗೆ ನಿಗಮಗಳ ಬಸ್ಸೂ ಅದರಲ್ಲೇ ಬಂತು. 15ಕ್ಕೇ ಮುಗಿದು ಹೋಗೋದು 50 ಮುಟ್ಟೋದು ಹೇಗೆ ಗುರು?

ಹಾಗಂತ 15 ವರ್ಷದ ನಿಯಮ ಕಿತ್ತು ಹಾಕಿ ಅಂತಿಲ್ಲ. ದಿನಾ ಕಾಲೇಜಿಗೆ ಬಸ್ಸಲ್ಲೇ ಬರೋರು ನಾವು. ಬ್ರೇಕು ಹಿಡಿಯದ, ಹೊಗೆ ಕಾರೋ ಗಾಡೀಲಿ ಕೂರೋದು ಪರಂಪರೆ ಅಲ್ಲ, ಕರ್ಮ. ನಾನು ಕೇಳೋದು ತುಂಬಾ ಚಿಕ್ಕದು. ಒಂದೊಂದು ಮಾಡೆಲ್‌ನಲ್ಲಿ ಒಂದೇ ಒಂದು ಬಸ್ಸು ಉಳಿಸಿ. ಓಡೋ ಸ್ಥಿತಿಯಲ್ಲಿ ಉಳಿಸಿ.

'ಓಡೋ' ಅನ್ನೋದಕ್ಕೆ ಗೆರೆ ಹಾಕ್ಕೊಳ್ಳಿ. 2020ರಲ್ಲಿ ಕೆಎಸ್‌ಆರ್‌ಟಿಸಿ ಒಂದು ಹಳೇ ಬಸ್ಸನ್ನ ಮೆಜೆಸ್ಟಿಕ್‌ನಲ್ಲಿ ಹೆಂಗಸರ ಶೌಚಾಲಯ ಮಾಡಿತು. ಅದು ನಿಜಕ್ಕೂ ಒಳ್ಳೇ ಕೆಲಸ, ನಗಬೇಡಿ. ಆದ್ರೆ ಅದು ತಗಡಿನ ಮರುಬಳಕೆ. ಬಸ್ಸನ್ನ ಉಳಿಸಿದ ಹಾಗಲ್ಲ. ಪಾರ್ಕಿನ ಮೂಲೇಲಿ ಪೇಂಟ್ ಹೊಡೆದು ನಿಲ್ಲಿಸೋದೂ ಅಷ್ಟೇ. ಎರಡು ಮಳೆಗಾಲಕ್ಕೆ ಟೈರು ಕೂತು, ಸೀಟಿನೊಳಗೆ ನಾಯಿ ಮರಿ ಹಾಕಿರುತ್ತೆ.

ಯಾಕೆ ಓಡಬೇಕು ಅಂದ್ರೆ, ಹಳೇ ಬಸ್ಸಿನ ಅರ್ಧ ಕಥೆ ಇರೋದು ಅದನ್ನ ಓಡಿಸೋದ್ರಲ್ಲಿ. ನಮ್ಮ ಬೀದೀಲಿ ರಿಟೈರ್ ಆದ ಡ್ರೈವರ್ ಒಬ್ಬರಿದ್ದಾರೆ. ಘಾಟಿ ರೂಟಲ್ಲೇ ಸರ್ವೀಸ್ ಮುಗಿಸಿದವರು. ಡಬಲ್ ಕ್ಲಚ್ ಅಂದ್ರೇನು ಅಂತ ಕೇಳಿದ್ದಕ್ಕೆ ಪ್ಲಾಸ್ಟಿಕ್ ಕುರ್ಚಿ ಮೇಲೇ ಕಾಲಾಡಿಸಿ ತೋರಿಸಿದ್ರು. ಕ್ಲಚ್ ಒತ್ತಿ ಗೇರು ನ್ಯೂಟ್ರಲ್‌ಗೆ ತರಬೇಕು. ಕ್ಲಚ್ ಬಿಡಬೇಕು. ಆಕ್ಸಿಲರೇಟರ್ ಒಂದು ಸಲ ಒತ್ತಿ ಎಂಜಿನ್ ವೇಗ ಏರಿಸಬೇಕು. ಮತ್ತೆ ಕ್ಲಚ್ ಒತ್ತಿ ಆಮೇಲೆ ಕೆಳಗಿನ ಗೇರು. ಆಗಿನ ಗೇರ್‌ಬಾಕ್ಸಲ್ಲಿ ಹಲ್ಲುಗಳ ವೇಗ ಹೊಂದಿಸೋ ಸಿಂಕ್ರೊಮೆಶ್ ಇರಲಿಲ್ಲ. ಆ ಕೆಲಸ ಡ್ರೈವರ್ ಕಿವಿದು. ಎಂಜಿನ್ ಸದ್ದು ಕೇಳಿ ಹೊತ್ತು ನೋಡಬೇಕು, ತಪ್ಪಿದ್ರೆ ಕರ್ರ್ ಅಂತ ಇಡೀ ಬಸ್ಸಿಗೇ ಗೊತ್ತಾಗುತ್ತೆ. ಪವರ್ ಸ್ಟಿಯರಿಂಗ್ ಇಲ್ಲ, ಎಡಗಡೆ ಬಾನೆಟ್ಟಿನ ಕಾವು, ಎದುರಿಗೆ ಆಗುಂಬೆಯ ತಿರುವುಗಳು. "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳೀಬೇಕು ತಮ್ಮಾ, ಬ್ರೇಕ್ ನಂಬ್ಕೊಂಡು ಇಳಿಯೋನು ಡ್ರೈವರ್ ಅಲ್ಲ" ಅಂದ್ರು. ಇದನ್ನ ಬರೆದಿಡಬಹುದು, ವಿಡಿಯೊನೂ ಮಾಡಬಹುದು. ಆದ್ರೆ ಗಾಡಿಯೇ ಇಲ್ಲದೆ ಕಲಿಯೋದು ಹೇಗೆ? ಅಂಥವರಿಗೆಲ್ಲ ಈಗ ವಯಸ್ಸಾಗಿದೆ.

ಇನ್ನೊಂದು ಮಾತು, ಇದು ಮೆಕ್ಯಾನಿಕಲ್ ಬ್ರಾಂಚಿನವರಿಗೆ. ಕಂಪನಿಯಿಂದ ಬರ್ತಿದ್ದದ್ದು ಬರೀ ಚಾಸಿ, ಅಂದ್ರೆ ಎಂಜಿನ್, ಚಕ್ರ, ಸ್ಟಿಯರಿಂಗ್ ಅಷ್ಟೇ. ಡ್ರೈವರ್ ತಲೆಗೆ ಟವೆಲ್ ಸುತ್ಕೊಂಡು ಬಿಸಿಲಲ್ಲೇ ಓಡಿಸ್ಕೊಂಡು ಬರ್ತಿದ್ರು. ಮೈ ಕಟ್ಟಿದ್ದು ನಮ್ಮೋರು. ಕೆಎಸ್‌ಆರ್‌ಟಿಸಿಗೆ ಕೆಂಗೇರಿ, ಹಾಸನದ ವರ್ಕ್‌ಶಾಪ್‌ಗಳಲ್ಲಿ ಕಟ್ಟುತ್ತಿದ್ರು. ಕಿಟಕಿ ಸರಳು, ಹಿಂದಿನ ಏಣಿ, ಕಂಡಕ್ಟರ್ ಎಳೆಯೋ ಗಂಟೆ ಹಗ್ಗ, ಮಳೆಗೆ ಇಳಿಬಿಡೋ ಟಾರ್ಪಾಲು, ಇದೆಲ್ಲ ಇಲ್ಲಿನ ಕೈಕೆಲಸ. 1948ರ ಸೆಪ್ಟೆಂಬರ್‌ನಲ್ಲಿ ಮೈಸೂರು ಸರ್ಕಾರದ ಸಾರಿಗೆ ಶುರುವಾದದ್ದು 120 ಬಸ್ಸುಗಳಿಂದ. ಅಂಥ ಒಂದು ಬಸ್ಸಲ್ಲಿ ಕೂತು ನೋಡೋ ಆಸೆ ನಿಮಗಿಲ್ವಾ?

"ಇದೆಲ್ಲ ಆಗೋ ಹೋಗೋ ಮಾತಲ್ಲ" ಅನ್ನೋರಿಗೆ ಒಂದು ಉದಾಹರಣೆ. ಇಂಗ್ಲೆಂಡಲ್ಲಿ ಇಂಬರ್ ಅಂತ ಒಂದು ಹಳ್ಳಿ. 1943ರಲ್ಲಿ ಸೈನ್ಯದ ತರಬೇತಿಗೆ ಅಂತ ಜನರನ್ನ ಎಬ್ಬಿಸಿದ್ರು, ಇವತ್ತಿಗೂ ಖಾಲಿ. 2009ರಿಂದ ಆ ಪಾಳು ಹಳ್ಳಿಗೆ ಬೇಸಿಗೆಯ ಒಂದು ದಿನ ಬಸ್ ಸರ್ವೀಸ್ ಬಿಡ್ತಾರೆ. ಲಂಡನ್ನಿನ ಹಳೇ ಕೆಂಪು ರೂಟ್‌ಮಾಸ್ಟರ್ ಡಬಲ್ ಡೆಕ್ಕರ್‌ಗಳು, ಟೈಮ್‌ಟೇಬಲ್ ಸಮೇತ! ಬಂದ ದುಡ್ಡು ದಾನಕ್ಕೆ. ರೂಟ್‌ಮಾಸ್ಟರ್ 1956ರಲ್ಲಿ ರಸ್ತೆಗಿಳಿದು 2005ರಲ್ಲಿ ದಿನದ ಓಡಾಟ ನಿಲ್ಲಿಸಿದ ಗಾಡಿ. ಅಲ್ಲಿ 30 ವರ್ಷ ದಾಟಿದ ಬಸ್ಸನ್ನ 21 ತುಂಬಿದವರು ಕಾರಿನ ಲೈಸೆನ್ಸಲ್ಲೇ ಓಡಿಸಬಹುದು. ಬಾಡಿಗೆ ತಗೊಳ್ಳೋ ಹಾಗಿಲ್ಲ, ಎಂಟು ಜನರಿಗಿಂತ ಜಾಸ್ತಿ ಹತ್ತಿಸೋ ಹಾಗಿಲ್ಲ, ಅಷ್ಟೇ. ನಮ್ಮಲ್ಲಿ ಮುಂಬೈನ ಹಳೇ ಡೀಸೆಲ್ ಡಬಲ್ ಡೆಕ್ಕರ್ 2023ರ ಸೆಪ್ಟೆಂಬರ್ 15ಕ್ಕೆ ಕೊನೇ ಟ್ರಿಪ್ ಹೊಡೆದಾಗ ಜನ ಹೂವಿನ ಹಾರ ಹಾಕಿ ಕಳಿಸಿದ್ರು. ಪ್ರೀತಿಗೆ ಬರ ಇಲ್ಲ. ನಿಯಮದಲ್ಲಿ ಜಾಗ ಇಲ್ಲ.

ಆ ನಿಯಮದಲ್ಲಿ ಬದಲಾಗಬೇಕಾದದ್ದು ಎರಡೇ ಸಾಲು. ಬಸ್ಸು, ಲಾರಿಯನ್ನೂ ವಿಂಟೇಜ್ ಪಟ್ಟಿಗೆ ಸೇರಿಸಬೇಕು. ನಿಗಮಗಳು ಸಂಗ್ರಹಕ್ಕೆ ಅಂತ ಇಟ್ಕೊಂಡ ಒಂದೆರಡು ಗಾಡಿಗೆ 15 ವರ್ಷದ ಕತ್ತರಿಯಿಂದ ವಿನಾಯಿತಿ ಕೊಡಬೇಕು. ಸಾರಿಗೆ ಸಚಿವಾಲಯಕ್ಕೆ ಕನ್ನಡದಲ್ಲೇ ಒಂದು ಪತ್ರ ಬರೆದಿದೀನಿ, ಕೊನೇ ಸ್ಲೈಡಲ್ಲಿದೆ. ಸೇರಿಸೋದೇನಾದ್ರೂ ಇದ್ರೆ ಭಾನುವಾರದೊಳಗೆ ಮೆಸೇಜ್ ಹಾಕಿ, ಸೋಮವಾರ ಪೋಸ್ಟ್ ಮಾಡ್ತೀನಿ. ಹಾಗೇ ನಿಮ್ಮೂರ ಕಡೆ ಯಾರದಾದ್ರೂ ಹಿತ್ತಲಲ್ಲಿ, ಗ್ಯಾರೇಜಲ್ಲಿ ಹಳೇ ಬಸ್ಸು ನಿಂತಿದ್ರೆ ಅವರನ್ನ ಕೇಳಿ ಫೋಟೊ ತೆಗೆದು ಕಳಿಸಿ. ಭಾಗ 6 ಅದರದ್ದೇ.

#ಹಳೇಬಸ್ಸು #ಡಬಲ್‌ಕ್ಲಚ್ #ರೈಟ್‌ರೈಟ್